ನಕ್ಷೆ ಸೇವೆಗಳ ನಡುವೆ ನಿಜವಾದ ಪೈಪೋಟಿ ಇನ್ನೂ ಉಳಿದಿದೆಯಾ?

ಮಧ್ಯರಾತ್ರಿ ಕೋಡರ್:
ಎಲ್ಲರಿಗೂ ನಮಸ್ಕಾರ. ಗಾಲಿಕುರ್ಚಿ ಬಳಸುವವರಿಗಾಗಿ ಒಂದು ಪುಟ್ಟ ವೆಬ್‌ಸೈಟ್ ನಡೆಸ್ತಿದ್ದೀನಿ. ಯಾವ ಕಟ್ಟಡಕ್ಕೆ ರ್ಯಾಂಪ್ ಇದೆ, ಎಲ್ಲಿ ಲಿಫ್ಟ್ ಕೆಟ್ಟು ನಿಂತಿದೆ ಅಂತ ಬಳಕೆದಾರರೇ ನಕ್ಷೆ ಮೇಲೆ ಗುರುತು ಹಾಕ್ತಾರೆ. ಆದಾಯ ಸೊನ್ನೆ. ಇಷ್ಟು ದಿನ ನಕ್ಷೆ ಕೊಡ್ತಿದ್ದ ಕಂಪನಿ (ಹೆಸರು ಬೇಡ, ಆಮೇಲೆ ಜಗಳವೆಲ್ಲ ಅದರ ಸುತ್ತಲೇ ಸುತ್ತುತ್ತೆ) ದರಪಟ್ಟಿ ಬದಲಾಯಿಸಿದೆ. ಉಚಿತ ಮಿತಿ ದಾಟಿದ ಮೇಲೆ ಬಂದ ಬಿಲ್ ನೋಡಿ ಎದೆ ಝಲ್ ಅಂತು.

ಬೇರೆ ಕಡೆ ಹೋಗೋಣ ಅಂತ ಹುಡುಕಿದರೆ ಹೆಸರುಗಳೇನೋ ಬೇಕಾದಷ್ಟಿವೆ. ಒಳಗೆ ಇಣುಕಿದರೆ ಹೆಚ್ಚಿನವರ ದತ್ತಾಂಶ ಬರೋದು ಮೂರ್ನಾಲ್ಕು ಕಡೆಯಿಂದಲೇ: ಗೂಗಲ್, ಹಿಯರ್, ಟಾಮ್‌ಟಾಮ್, ಇಲ್ಲಾಂದ್ರೆ ಸ್ವಯಂಸೇವಕರು ಕಟ್ಟೋ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್. ಬಣ್ಣ ಮಾತ್ರ ಬೇರೆ ಬೇರೆ. ಇದನ್ನ ಪೈಪೋಟಿ ಅನ್ನಬಹುದಾ? ಹೊಸತನ ಅನ್ನೋದಾದರೂ ಇದೆಯಾ? ನೀಲಿ ಚುಕ್ಕೆ, ಕೆಂಪು ಗೆರೆ, "ಮುಂದೆ ಬಲಕ್ಕೆ ತಿರುಗಿ". ಹತ್ತು ವರ್ಷದಿಂದ ಅದನ್ನೇ ನೋಡ್ತಿದ್ದೀನಿ.

ದಾರಿಹೋಕ:
ಓಪನ್‌ಸ್ಟ್ರೀಟ್‌ಮ್ಯಾಪ್ ಹಾಕಿ. ಮುಗೀತು.

ಟೈಲ್ ಮೇಸ್ತ್ರಿ:
ದಾರಿಹೋಕರೇ, ಅಷ್ಟು ಸಲೀಸಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ (ಓಎಸ್‌ಎಂ) ಮುಖ್ಯವಾಗಿ ದತ್ತಾಂಶ, ಸೇವೆ ಅಲ್ಲ. ಅವರ ಸೈಟಿನಲ್ಲಿ ಕಾಣುವ ನಕ್ಷೆಯ ಸರ್ವರ್‌ಗಳು ನಡೆಯೋದು ದೇಣಿಗೆಯಲ್ಲಿ. ಯಾರು ಬೇಕಾದರೂ ಎಷ್ಟು ಬೇಕಾದರೂ ಎಳೆದುಕೊಳ್ಳಿ ಅಂತ ಅವರೆಲ್ಲೂ ಹೇಳಿಲ್ಲ, ಬಳಕೆ ನಿಯಮ ಇದೆ. ಮಿತಿಮೀರಿದವರನ್ನ ತಡೆದೇ ತಡೀತಾರೆ.

ಕೋಡರ್ ಅವರೇ, ಮೊದಲು ಟೈಲ್ ಅಂದ್ರೆ ನಕ್ಷೆಯ ಚೌಕ ತುಂಡುಗಳ ಲೆಕ್ಕ ತಿಳ್ಕೊಳ್ಳಿ. ಝೂಮ್ ಸೊನ್ನೆಯಲ್ಲಿ ಇಡೀ ಜಗತ್ತು 256x256 ಪಿಕ್ಸೆಲ್‌ನ ಒಂದೇ ಚೌಕ. ಒಂದು ಹಂತ ಒಳಗೆ ಹೋದರೆ ನಾಲ್ಕು, ಮತ್ತೊಂದು ಹೋದರೆ ಹದಿನಾರು. 18ನೇ ಹಂತಕ್ಕೆ ಬರೋ ಹೊತ್ತಿಗೆ ಸುಮಾರು 6,870 ಕೋಟಿ ಚೌಕ. ಅದರಲ್ಲಿ ದೊಡ್ಡ ಪಾಲು ಬರೀ ಸಮುದ್ರ, ಅದನ್ನ ಯಾರೂ ತೆಗೆದು ನೋಡೋದಿಲ್ಲ. ಹಿಂದೆ ಇವನ್ನೆಲ್ಲ ಚಿತ್ರಗಳಾಗಿ ಬಿಡಿಸಿ ಇಡಬೇಕಿತ್ತು, ಅದಕ್ಕೇ ದೊಡ್ಡ ಕಂಪನಿ ಬೇಕಿತ್ತು. ಈಗ ವೆಕ್ಟರ್ ಟೈಲ್: ಗೆರೆ, ಬಿಂದು, ಹೆಸರು ಇಷ್ಟೇ ಕಳಿಸ್ತಾರೆ, ಬಣ್ಣ ಹಚ್ಚೋ ಕೆಲಸ ನಿಮ್ಮ ಬ್ರೌಸರಿನದು. ಹಾಗಾಗಿ 14ನೇ ಹಂತದಾಚೆ ಹೊಸ ಟೈಲೇ ಬೇಕಿಲ್ಲ, ಇರೋದನ್ನೇ ಹಿಗ್ಗಿಸಬಹುದು.

ಪಿಎಂಟೈಲ್ಸ್ ಅಂತ ಒಂದು ಕಡತ ಮಾದರಿ ಇದೆ. ಇಡೀ ಭೂಮಿಯ ನಕ್ಷೆ ನೂರು ಜಿಬಿ ಮೀರಿದ ಒಂದೇ ಕಡತದಲ್ಲಿ. ಸಾಮಾನ್ಯ ಫೈಲ್ ಸ್ಟೋರೇಜಿನಲ್ಲಿ ಇಟ್ಟರೆ ಸಾಕು, ಬ್ರೌಸರು ತನಗೆ ಬೇಕಾದ ತುಂಡನ್ನ ಮಾತ್ರ ಕೇಳಿ ತಗೊಳ್ಳುತ್ತೆ. ಸರ್ವರ್ ಸಾಫ್ಟ್‌ವೇರೇ ಬೇಡ. ಒಂದು ದೇಶ ಸಾಕು ಅಂದರೆ ಅಷ್ಟನ್ನೇ ಕತ್ತರಿಸಿಕೊಳ್ಳಬಹುದು. ಹೊಸತನ ಇಲ್ಲ ಅಂದ್ರಲ್ಲಾ, ಇದೇನು ಮತ್ತೆ?

ಹಳೇ ಮೋಡೆಮ್:
ಹೊಸ ಹುಡುಗರಿಗೆ ಪುರಾಣ ಹೇಳ್ತೀನಿ, ಬೇಜಾರಾದ್ರೆ ಸ್ಕ್ರೋಲ್ ಮಾಡ್ಕೊಂಡು ಹೋಗಿ.

1996ರಲ್ಲಿ ಮ್ಯಾಪ್‌ಕ್ವೆಸ್ಟ್ ಬಂತು. ನಕ್ಷೆಯ ಅಂಚಲ್ಲಿ ಒಂದು ಬಾಣದ ಗುರುತು, ಅದನ್ನ ಒತ್ತಿದರೆ ಇಡೀ ಪುಟ ಮತ್ತೆ ಲೋಡ್. ಇನ್ನೊಂಚೂರು ಬಲಕ್ಕೆ ಹೋಗಬೇಕಾ, ಮತ್ತೆ ಒತ್ತಿ ಮತ್ತೆ ಕಾಯಿರಿ. ಡಯಲಪ್‌ನಲ್ಲಿ ಅಷ್ಟೊತ್ತಿಗೆ ಎಲ್ಲಿಗೆ ಹೊರಟಿದ್ದೆವು ಅನ್ನೋದೇ ಮರೆತು ಹೋಗ್ತಿತ್ತು. 2005ರ ಫೆಬ್ರವರಿಯಲ್ಲಿ ಗೂಗಲ್ ಮ್ಯಾಪ್ಸ್ ಬಂದಾಗ ಮೌಸಿನಲ್ಲಿ ಹಿಡಿದು ಎಳೆದರೆ ನಕ್ಷೆ ಕೈಯ ಹಿಂದೆಯೇ ಬಂತು. ಆ ಕ್ಷಣ ನೋಡಿದವರಿಗೇ ಗೊತ್ತು. ಮಜಾ ಏನಂದ್ರೆ, ಅದರ ಬೀಜ ಗೂಗಲ್‌ದಲ್ಲ. ಸಿಡ್ನಿಯ ವೇರ್ 2 ಟೆಕ್ನಾಲಜೀಸ್ ಅನ್ನೋ ನಾಲ್ಕು ಜನರ ಪುಟ್ಟ ಕಂಪನಿಯದು, ಅದೂ ಕಂಪ್ಯೂಟರಿನಲ್ಲಿ ಇನ್‌ಸ್ಟಾಲ್ ಮಾಡೋ ತಂತ್ರಾಂಶ. 2004ರಲ್ಲಿ ಗೂಗಲ್ ಕೊಂಡುಕೊಂಡು ಬ್ರೌಸರಿಗೆ ತಂತು. ಅದೇ ವರ್ಷ ಕೀಹೋಲ್ ಅನ್ನೋ ಕಂಪನಿಯನ್ನೂ ಕೊಂಡಿತು, ಗೂಗಲ್ ಅರ್ತ್ ಹುಟ್ಟಿದ್ದು ಅದರಿಂದ.

ಎಪಿಐ (ಬೇರೆ ಸೈಟಿನವರು ತಮ್ಮ ಕೋಡಿನಿಂದ ನಕ್ಷೆ ಬಳಸೋ ದಾರಿ) ಕಥೆ ಇನ್ನೂ ಚೆಂದ. ಪಾಲ್ ರಾಡೆಮಾಕರ್ ಅನ್ನೋ ಪ್ರೋಗ್ರಾಮರ್ ಗೂಗಲ್ ನಕ್ಷೆಯ ಜಾವಾಸ್ಕ್ರಿಪ್ಟನ್ನ ಬಿಚ್ಚಿ ನೋಡಿ, ಕ್ರೇಗ್ಸ್‌ಲಿಸ್ಟ್ ಅನ್ನೋ ಜಾಹೀರಾತು ಸೈಟಿನ ಬಾಡಿಗೆ ಮನೆಗಳನ್ನ ಅದರ ಮೇಲೆ ಕೂರಿಸಿದ. ಯಾರ ಅನುಮತಿಯೂ ಇಲ್ಲ. ಗೂಗಲ್ ಅವನ ಮೇಲೆ ಕೇಸು ಹಾಕೋ ಬದಲು ಅದೇ 2005ರಲ್ಲಿ ಅಧಿಕೃತ ಎಪಿಐ ಬಿಟ್ಟಿತು, ಆಮೇಲೆ ಅವನನ್ನೇ ಕೆಲಸಕ್ಕೂ ತಗೊಂಡಿತು. ಇವತ್ತು ಕೋಡರ್ ಕಟ್ಟುತ್ತಿರೋ ಬಿಲ್ಲಿನ ಮೂಲ ಆ ಬಾಡಿಗೆ ಮನೆ ನಕ್ಷೆ!

ಗುಬ್ಬಚ್ಚಿ:
ಬಾಡಿಗೆ ಆವಾಗಲೇ ಶುರುವಾಗಿತ್ತು ಅನ್ನಿ 😄

ಅನಾಮಿಕ ಅಕ್ಷಾಂಶ:
ಹಳೇ ಮೋಡೆಮ್ ಸಾರ್, ಎಳೆದಾಡೋ ನಕ್ಷೆ ಚೆಂದವೇ. ಆದರೆ ಆಟ ತಿರುಗಿಸಿದ್ದು ಅದಲ್ಲ, ಪುಕ್ಕಟೆ ಕೊಟ್ಟಿದ್ದು. 2009ರ ಅಕ್ಟೋಬರಲ್ಲಿ ಆಂಡ್ರಾಯ್ಡ್ ಫೋನಿಗೆ ತಿರುವು ತಿರುವಿಗೂ ದಾರಿ ಹೇಳೋ ನ್ಯಾವಿಗೇಶನ್ ಉಚಿತ ಅಂದರು. ಅದೇ ದಿನ ಗಾರ್ಮಿನ್, ಟಾಮ್‌ಟಾಮ್ ಷೇರು ನೆಲ ಕಚ್ಚಿದವು. ಅಲ್ಲಿವರೆಗೆ ಕಾರಿನ ಗಾಜಿಗೆ ಅಂಟಿಸೋ ಪೆಟ್ಟಿಗೆ ಮಾರಿ, ಹೊಸ ನಕ್ಷೆ ಬೇಕಾದಾಗಲೆಲ್ಲ ಮತ್ತೆ ದುಡ್ಡು ವಸೂಲಿ ಮಾಡ್ತಿದ್ದವರು ಅವರು. ನೋಕಿಯಾ ಪಾಡಂತೂ ಕೇಳಲೇಬೇಡಿ. ಎಂಟು ಬಿಲಿಯನ್ ಡಾಲರ್ ಸುರಿದು ಟೆಲಿ ಅಟ್ಲಾಸ್ ಅನ್ನೋ ನಕ್ಷೆ ದತ್ತಾಂಶದ ಕಂಪನಿ ಕೊಂಡು ಏನು ಬಂತು?

ಉದ್ದಗೆರೆ:
ನೋಕಿಯಾ ಕೊಂಡಿದ್ದು ನ್ಯಾವ್‌ಟೆಕ್. ಟೆಲಿ ಅಟ್ಲಾಸ್ ಕೊಂಡಿದ್ದು ಟಾಮ್‌ಟಾಮ್. ಎರಡೂ ಮುಗಿದಿದ್ದು 2008ರಲ್ಲಿ.

ಅನಾಮಿಕ ಅಕ್ಷಾಂಶ:
ಯಾರು ಯಾರನ್ನ ಕೊಂಡರೇನು ಮಾರಾಯ್ರೆ, ಇಬ್ಬರಿಗೂ ಅದೇ ಏಟು.

ಉದ್ದಗೆರೆ:
ಅದೇ ಏಟಲ್ಲ ಸ್ವಾಮಿ, ವ್ಯತ್ಯಾಸದಲ್ಲೇ ಸ್ವಾರಸ್ಯ ಇರೋದು. ನ್ಯಾವ್‌ಟೆಕ್ ಮುಂದೆ ಹಿಯರ್ ಆಯ್ತು. 2015ರಲ್ಲಿ ನೋಕಿಯಾ ಅದನ್ನ ಸುಮಾರು 2.8 ಬಿಲಿಯನ್ ಯೂರೋಗೆ ಮಾರಿತು. ಕೊಂಡವರು ಆಡಿ, ಬಿಎಂಡಬ್ಲ್ಯು, ಡೈಮ್ಲರ್. ಒಬ್ಬರ ಮುಖ ಒಬ್ಬರು ನೋಡದ ಮೂರು ಕಾರು ಕಂಪನಿಗಳು ನಕ್ಷೆ ಗೂಗಲ್ ಪಾಲಾಗಬಾರದು ಅಂತ ಕೈ ಜೋಡಿಸಿದವು. ಟೆಲಿ ಅಟ್ಲಾಸ್ ಕಥೆ ಬೇರೆ. ಗೂಗಲ್ಲೇ ಅದರ ಗಿರಾಕಿಯಾಗಿತ್ತು. ಆದರೆ 2007ರಿಂದ ಸ್ಟ್ರೀಟ್ ವ್ಯೂ ಕಾರುಗಳು ಓಡಾಡಿದ್ದು ಚಿತ್ರ ತೋರಿಸೋಕೆ ಮಾತ್ರ ಅಲ್ಲ. ಬೀದಿ ಫಲಕ, ಮನೆ ನಂಬರ್, ಎಡಕ್ಕೆ ತಿರುಗುವಂತಿಲ್ಲ ಅನ್ನೋ ಬೋರ್ಡು ಎಲ್ಲ ಓದಿ ಸ್ವಂತ ದತ್ತಾಂಶ ಕಟ್ಟೋ ಕೆಲಸಕ್ಕೂ ಆ ಚಿತ್ರಗಳೇ ಆಧಾರ. 2009ರಲ್ಲಿ ಅಮೆರಿಕದ ಮಟ್ಟಿಗೆ ಟೆಲಿ ಅಟ್ಲಾಸನ್ನ ಕೈಬಿಟ್ಟರು. ಉಚಿತ ನ್ಯಾವಿಗೇಶನ್ ಬಂದಿದ್ದೂ ಅದೇ ತಿಂಗಳು. ದತ್ತಾಂಶ ಸ್ವಂತದ್ದಾದ ಮೇಲೆ ಪುಕ್ಕಟೆ ಕೊಡೋದಕ್ಕೆ ಯಾರನ್ನೂ ಕೇಳಬೇಕಿರಲಿಲ್ಲ.

ದಾರಿಹೋಕ:
ಆಪಲ್ ನಕ್ಷೆ ಬಗ್ಗೆ ಯಾರೂ ಮಾತೇ ಆಡ್ತಿಲ್ಲ. ಅದರ 3ಡಿ ಚಿತ್ರದಲ್ಲಿ ಕರಗಿ ಜೋತುಬಿದ್ದ ಹಾಗೆ ಕಾಣ್ತಿದ್ದ ಸೇತುವೆಗಳು ನೆನಪಿದೆಯಾ 😂

ಸುಮ್ನೆ ಓದುಗ:
2012ರ ಸೆಪ್ಟೆಂಬರ್. ಬಿಡುಗಡೆಯಾಗಿ ಹತ್ತು ದಿನವೂ ಆಗಿರಲಿಲ್ಲ, ಟಿಮ್ ಕುಕ್ ಕ್ಷಮೆ ಕೇಳಿ ಬಹಿರಂಗ ಪತ್ರ ಬರೆದರು. ನಮ್ಮದು ಸರಿಯಾಗೋವರೆಗೆ ಬಿಂಗ್, ಮ್ಯಾಪ್‌ಕ್ವೆಸ್ಟ್, ವೇಜ್ ಬಳಸಿ, ಗೂಗಲ್ ನೋಕಿಯಾ ವೆಬ್‌ಸೈಟಿಗೂ ಹೋಗಬಹುದು ಅಂತ ಅದರಲ್ಲೇ ಇತ್ತು. ಎದುರಾಳಿಗಳ ಪಟ್ಟಿಯನ್ನ ಕಂಪನಿಯ ಮುಖ್ಯಸ್ಥರೇ ಕೊಟ್ಟಿದ್ದು ನಾನಂತೂ ಬೇರೆಲ್ಲೂ ನೋಡಿಲ್ಲ.

ಆದರೆ ನಗುವ ಮೊದಲು ಒಂದು ವಿಷಯ. ಅದಕ್ಕೂ ಮುಂಚೆ ಐಫೋನಿನಲ್ಲಿದ್ದ ಗೂಗಲ್ ನಕ್ಷೆ ತಿರುವು ತಿರುವಿಗೆ ದನಿಯಲ್ಲಿ ದಾರಿ ಹೇಳ್ತಿರಲಿಲ್ಲ. ಆಂಡ್ರಾಯ್ಡಿನವರಿಗೆ ಮೂರು ವರ್ಷದಿಂದ ಇತ್ತು. ಆಪಲ್ ಸ್ವಂತ ನಕ್ಷೆ ಬಿಟ್ಟಿತು, ಎಡವಿ ಬಿದ್ದಿತು. ಡಿಸೆಂಬರಲ್ಲಿ ಗೂಗಲ್ ತನ್ನ ಐಫೋನ್ ಆ್ಯಪ್ ತಂದಾಗ ಅದರಲ್ಲಿ ದನಿ ಇತ್ತು! ಕೆಟ್ಟ ಎದುರಾಳಿ ಬಂದರೂ ಬಳಸೋನಿಗೆ ಲಾಭವೇ. ಕೋಡರ್ ಕೇಳಿದ ಮೊದಲ ಪ್ರಶ್ನೆಗೆ ನನ್ನ ಉತ್ತರ ಇದು.

ವಕೀಲಬುದ್ಧಿ:
ಒಳ್ಳೇ ಎದುರಾಳಿ ಬಂದರೆ ಏನಾಗುತ್ತೆ ಅನ್ನೋದನ್ನೂ ಹೇಳಿ ಮತ್ತೆ. ವೇಜ್ ಬಂತು, ಓಡಿಸೋರೇ ಅಪಘಾತ, ಗುಂಡಿ, ಪೊಲೀಸ್ ಎಲ್ಲ ತಿಳಿಸೋ ಪದ್ಧತಿ ತಂತು, ಜನ ಮುಗಿಬಿದ್ದರು. 2013ರಲ್ಲಿ ಗೂಗಲ್ ಸುಮಾರು ನೂರು ಕೋಟಿ ಡಾಲರ್ ಕೊಟ್ಟು ನುಂಗಿತು. ಬೀದಿ ಚಿತ್ರಗಳನ್ನ ಜನರಿಂದಲೇ ಕೂಡಿಸ್ತಿದ್ದ ಮ್ಯಾಪಿಲರಿ 2020ರಲ್ಲಿ ಫೇಸ್‌ಬುಕ್ ಪಾಲಾಯ್ತು. ಬೆಳೆದ ಪೈರನ್ನ ಎದುರು ಮನೆಯವನೇ ಕೊಯ್ದುಕೊಂಡು ಹೋಗೋದಾದರೆ ಬಿತ್ತೋರು ಯಾರು?

ಕಾನೂನಿನಿಂದ ಸರಿಪಡಿಸ್ತೀವಿ ಅಂತ ಹೊರಟ ಯುರೋಪಿನ ಕಥೆಯೂ ಇದೆ. 2024ರಲ್ಲಿ ಡಿಜಿಟಲ್ ಮಾರ್ಕೆಟ್ಸ್ ಆ್ಯಕ್ಟ್ ಜಾರಿಗೆ ಬಂದ ಮೇಲೆ, ಅಲ್ಲಿ ಗೂಗಲ್ ಹುಡುಕಾಟದ ಫಲಿತಾಂಶದಲ್ಲಿ ಕಾಣೋ ನಕ್ಷೆಯನ್ನ ಒತ್ತಿದರೆ ಗೂಗಲ್ ಮ್ಯಾಪ್ಸ್‌ಗೆ ಹೋಗ್ತಿದ್ದ ಕೊಂಡಿಯನ್ನೇ ತೆಗೆದರು. ಸ್ವಂತ ಸೇವೆಗೆ ಒಳದಾರಿ ಇರಬಾರದು ಅನ್ನೋದು ತತ್ವ. ಜನ ಬೇರೆ ನಕ್ಷೆಗೆ ಹೋದರಾ? ಆ ಕೊಂಡಿ ವಾಪಸ್ ತರೋದು ಹೇಗೆ ಅಂತ ಬ್ರೌಸರ್ ಎಕ್ಸ್‌ಟೆನ್ಶನ್ ಹುಡುಕಿದರು.

ಗುಬ್ಬಚ್ಚಿ:
ಯಾವ ನಕ್ಷೆ ತೆರೀಬೇಕು ಅಂತ ನಮ್ಮನ್ನೇ ಕೇಳೋ ಹಾಗೆ ಮಾಡಿದ್ರೆ ಆಗ್ತಿತ್ತಪ್ಪ.

ವಕೀಲಬುದ್ಧಿ:
ಅದು ಸರಳ ಪರಿಹಾರ, ಆದ್ದರಿಂದಲೇ ಯಾರೂ ಮಾಡಲಿಲ್ಲ.

ಟೈಲ್ ಮೇಸ್ತ್ರಿ:
ನೀವೆಲ್ಲ ನಕ್ಷೆ ನಕ್ಷೆ ಅಂತ ಒಂದೇ ಮಾತಲ್ಲಿ ಹೇಳ್ತಿದ್ದೀರಿ, ಅಲ್ಲೇ ಎಡವಟ್ಟಾಗ್ತಿರೋದು. ಗೆರೆ ಎಳೆಯೋ ನಕ್ಷೆಯಲ್ಲಿ ಪೈಪೋಟಿ ಮುಗಿದೇ ಹೋಗಿದೆ, ಯಾಕಂದ್ರೆ ಅದು ಹೆಚ್ಚುಕಮ್ಮಿ ಎಲ್ಲರ ಸೊತ್ತಾಗಿದೆ. ರಸ್ತೆ ಎಲ್ಲಿದೆ ಅನ್ನೋದು ಗುಟ್ಟಾಗಿ ಉಳಿದಿಲ್ಲ. ಈಗಿನ ಗುದ್ದಾಟ ಈ ಕ್ಷಣ ಏನಾಗ್ತಿದೆ ಅನ್ನೋದರಲ್ಲಿ. ಈ ರಸ್ತೆ ಈಗ ತುಂಬಿದೆಯಾ, ಆ ಕಚೇರಿ ಇವತ್ತು ತೆರೆದಿದೆಯಾ.

2020ರಲ್ಲಿ ಬರ್ಲಿನ್‌ನ ಕಲಾವಿದ ಸೈಮನ್ ವೆಕರ್ಟ್ ಒಂದು ಪುಟ್ಟ ಕೈಗಾಡಿಯಲ್ಲಿ 99 ಫೋನ್ ತುಂಬ್ಕೊಂಡು ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಎಳ್ಕೊಂಡು ಹೋಗೋ ವಿಡಿಯೋ ಬಿಟ್ಟರು. ಗೂಗಲ್ ನಕ್ಷೆಯಲ್ಲಿ ಆ ರಸ್ತೆ ಕೆಂಪಾಯ್ತು. 99 ಫೋನ್ ತೆವಳ್ತಿವೆ ಅಂದ್ರೆ ಅಲ್ಲಿ 99 ವಾಹನ ಸಿಕ್ಕಿಹಾಕಿಕೊಂಡಿವೆ ಅಂತ ಲೆಕ್ಕ. ನಗು ಬರುತ್ತೆ, ಆದರೆ ಇಡೀ ವ್ಯಾಪಾರದ ಗುಟ್ಟು ಆ ಗಾಡಿಯಲ್ಲೇ ಇದೆ. ಯಾರ ಹತ್ತಿರ ಜಾಸ್ತಿ ಫೋನ್ ಇವೆಯೋ ಅವರ ಕೆಂಪು ಗೆರೆ ನಿಖರ. ನಿಖರವಾಗಿದೆ ಅಂತ ಇನ್ನಷ್ಟು ಜನ ಬರ್ತಾರೆ, ಇನ್ನಷ್ಟು ಫೋನ್ ಸೇರ್ತವೆ. ಹೊಸಬ ಎಷ್ಟೇ ಚೆಂದದ ಆ್ಯಪ್ ಮಾಡಲಿ, ಮೊದಲ ದಿನ ಅವನ ಹತ್ತಿರ ಇರೋದು ಸೊನ್ನೆ ಫೋನು.

ಉದ್ದಗೆರೆ:
ಇದಕ್ಕೆ ಉತ್ತರವಾಗಿಯೇ 2022ರ ಡಿಸೆಂಬರಲ್ಲಿ ಓವರ್ಚರ್ ಅನ್ನೋ ಮುಕ್ತ ನಕ್ಷೆ ಯೋಜನೆ ಹುಟ್ಟಿದ್ದು. ಅಮೆಜಾನ್, ಮೆಟಾ, ಮೈಕ್ರೋಸಾಫ್ಟ್, ಟಾಮ್‌ಟಾಮ್ ಸೇರಿ ಲಿನಕ್ಸ್ ಫೌಂಡೇಶನ್ ಆಶ್ರಯದಲ್ಲಿ ಕಟ್ಟಿದ್ದು. ತಳದ ನಕ್ಷೆಯನ್ನ ಒಟ್ಟಿಗೆ ಮಾಡೋಣ, ಮೇಲಿನ ಆಟದಲ್ಲಿ ಬೇಕಾದರೆ ಗುದ್ದಾಡೋಣ ಅನ್ನೋ ಲೆಕ್ಕ. ನನಗೆ ಇಷ್ಟವಾದ ಭಾಗ ಅದರ ಶಾಶ್ವತ ಗುರುತು ಸಂಖ್ಯೆ. ಒಂದೇ ಕಟ್ಟಡ ನಾಲ್ಕು ಕಂಪನಿಗಳ ದತ್ತಾಂಶದಲ್ಲಿ ನಾಲ್ಕು ಥರ ಇರುತ್ತೆ, ಹೆಸರಿನ ಕಾಗುಣಿತವೂ ಬೇರೆ, ಬಿಂದು ಹತ್ತು ಮೀಟರ್ ಆಚೀಚೆ. ಎಲ್ಲದಕ್ಕೂ ಒಂದೇ ಸಂಖ್ಯೆ ಕೊಟ್ಟರೆ ಕೋಡರ್ ತಮ್ಮ ರ್ಯಾಂಪ್ ಮಾಹಿತಿಯನ್ನ ಅದಕ್ಕೆ ಗಂಟು ಹಾಕಿಬಿಡಬಹುದು. ನಾಳೆ ಕೆಳಗಿನ ನಕ್ಷೆ ಬದಲಾದರೂ ರ್ಯಾಂಪ್ ಕಳೆದುಹೋಗಲ್ಲ.

ಗೆರೆಗಾರ್ತಿ:
ಓವರ್ಚರ್ ಹೊಗಳೋರು ಒಂದು ವಾಕ್ಯ ಸೇರಿಸೋದನ್ನ ಮರೀತಾರೆ: ಅದರ ರಸ್ತೆಗಳ ದೊಡ್ಡ ಪಾಲು ನಾವು ಓಎಸ್‌ಎಂನಲ್ಲಿ ಬಿಟ್ಟಿಯಾಗಿ ಎಳೆದಿದ್ದು. ಬಳಸಬಾರದು ಅಂತಲ್ಲ, ಪರವಾನಗಿ ಒಪ್ಪುತ್ತೆ. ಆದರೆ "ನಾಲ್ಕು ಕಂಪನಿ ಸೇರಿ ಕಟ್ಟಿದ ನಕ್ಷೆ" ಅಂದಾಗ ಸ್ವಲ್ಪ ಉರಿಯುತ್ತೆ.

2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪ ಆದಾಗ ರಾಜಧಾನಿಯ ವಿವರವಾದ ನಕ್ಷೆ ಯಾವ ಕಂಪನಿ ಹತ್ತಿರವೂ ಇರಲಿಲ್ಲ. ಅಲ್ಲಿ ವ್ಯಾಪಾರ ಇರಲಿಲ್ಲವಲ್ಲ. ಉಪಗ್ರಹ ಚಿತ್ರ ನೋಡಿ ಬೇರೆ ಬೇರೆ ದೇಶದ ಸ್ವಯಂಸೇವಕರು ಕೆಲವೇ ದಿನದಲ್ಲಿ ಎಳೆದು ಮುಗಿಸಿದರು, ರಕ್ಷಣಾ ತಂಡಗಳು ಅದನ್ನೇ ಬಳಸಿದವು. ಪೈಪೋಟಿ ತಲುಪದ ಕಡೆ ಯಾರು ತಲುಪ್ತಾರೆ ಅನ್ನೋದನ್ನೂ ಈ ಚರ್ಚೆಯಲ್ಲಿ ಎಣಿಸಿ.

ಕೋಡರ್ ಅವರೇ, ನಿಮ್ಮ ಕೆಲಸಕ್ಕೆ ನೇರವಾಗಿ ಬೇಕಾದ್ದೊಂದು ಹೇಳ್ತೀನಿ. ದಾರಿ ಹೇಳೋ ತಂತ್ರಾಂಶಕ್ಕೆ ದೊಡ್ಡ ಕಟ್ಟಡದ ವಿಳಾಸ ಕೊಟ್ಟರೆ ಅದು ಸಾಮಾನ್ಯವಾಗಿ ಕಟ್ಟಡದ ನಟ್ಟನಡುವಿನ ಬಿಂದು ತಗೊಂಡು, ಅದಕ್ಕೆ ಹತ್ತಿರದ ರಸ್ತೆಗೆ ಕರ್ಕೊಂಡು ಹೋಗುತ್ತೆ. ಆ ರಸ್ತೆ ಹಿಂಬದಿಯದ್ದಾಗಿರಬಹುದು. ನಡೆದು ಬಂದವರು ಗೊಣಗಿಕೊಂಡು ಸುತ್ತಿ ಬರ್ತಾರೆ. ಗಾಲಿಕುರ್ಚಿಯವರ ಮುಂದೆ ಕಾಂಪೌಂಡ್ ಗೋಡೆ, ಪಕ್ಕದಲ್ಲಿ ಎತ್ತರದ ಫುಟ್‌ಪಾತ್. ಓಎಸ್‌ಎಂನಲ್ಲಿ ಆ ಕಟ್ಟಡದ ಅಂಚಿನ ಗೆರೆಯ ಮೇಲೆ ಬಾಗಿಲಿರೋ ಜಾಗದಲ್ಲಿ ಒಂದು ಬಿಂದು ಇಟ್ಟು "ಪ್ರವೇಶದ್ವಾರ" ಅಂತ ಟ್ಯಾಗ್ ಮಾಡಿ, ಗಾಲಿಕುರ್ಚಿ ಹೋಗುತ್ತೆ ಅಂತ ಇನ್ನೊಂದು ಟ್ಯಾಗ್ ಹಾಕಿ, ಅಲ್ಲಿಂದ ರಸ್ತೆವರೆಗೆ ಕಾಲುದಾರಿಯ ಗೆರೆ ಸೇರಿಸಬೇಕು. ಗೆರೆ ರಸ್ತೆಗೆ ತಾಕಿರಲೇಬೇಕು. ಕಣ್ಣಿಗೆ ತಾಕಿದ ಹಾಗೆ ಕಂಡು ಒಂದಂಗುಲ ಬಿಟ್ಟಿದ್ದರೂ ತಂತ್ರಾಂಶಕ್ಕೆ ಅಲ್ಲಿ ದಾರಿಯೇ ಇಲ್ಲ. ಫುಟ್‌ಪಾತ್ ಅಂಚಿನ ಎತ್ತರಕ್ಕೂ ಟ್ಯಾಗ್ ಇದೆ. ಸ್ಟ್ರೀಟ್‌ಕಂಪ್ಲೀಟ್ ಅನ್ನೋ ಆ್ಯಪ್ ಹಾಕ್ಕೊಂಡರೆ ನಡೆಯುವಾಗ ಅದೇ ಕೇಳುತ್ತೆ: ಇಲ್ಲಿ ಅಂಚು ತಗ್ಗಿಸಿದ್ದಾರಾ, ನೆಲ ಯಾವುದರದ್ದು ಅಂತ. ಇಷ್ಟು ಸೂಕ್ಷ್ಮಕ್ಕೆ ಯಾವ ದೊಡ್ಡ ಕಂಪನಿ ತಲೆ ಕೆಡಿಸಿಕೊಂಡಿದೆ ತೋರಿಸಿ.

ದಾರಿಹೋಕ:
ನಾನು ಮೊದಲೇ ಹೇಳಿದ್ನಲ್ಲಾ, ಓಪನ್‌ಸ್ಟ್ರೀಟ್‌ಮ್ಯಾಪ್ ಹಾಕಿ ಅಂತ.

ಅನಾಮಿಕ ಅಕ್ಷಾಂಶ:
ಓಎಸ್‌ಎಂನಲ್ಲಿ ಯಾವನೋ ಬಂದು ಇಲ್ಲದ ರಸ್ತೆ ಎಳೆದು ಹೋದರೆ?

ಹಳೇ ಮೋಡೆಮ್:
ಇಲ್ಲದ್ದನ್ನ ಎಳೆಯೋದು ದುಡ್ಡಿನ ನಕ್ಷೆಗಳ ಹಳೇ ಕಸುಬು ಕಣಪ್ಪ! ಕದ್ದವರನ್ನ ಹಿಡಿಯೋಕೆ ಸುಳ್ಳು ಬೀದಿ ಸೇರಿಸ್ತಿದ್ದರು. 1930ರ ದಶಕದಲ್ಲಿ ಅಮೆರಿಕದ ಒಂದು ನಕ್ಷೆ ಕಂಪನಿ ನ್ಯೂಯಾರ್ಕ್ ರಾಜ್ಯದ ನಕ್ಷೆಯಲ್ಲಿ ಅಗ್ಲೋ ಅನ್ನೋ ಊರು ಸೃಷ್ಟಿಸಿತು. ಮುಂದೆ ಎದುರಾಳಿ ಕಂಪನಿ ರ್ಯಾಂಡ್ ಮೆಕ್‌ನ್ಯಾಲಿಯ ನಕ್ಷೆಯಲ್ಲೂ ಅಗ್ಲೋ ಕಂಡಿತು. ಸಿಕ್ಕಿಬಿದ್ರು ಅಂದುಕೊಂಡರೆ, ಅವರು ಇಲ್ಲಾ ಸ್ವಾಮಿ, ಅಲ್ಲಿ ನಿಜವಾಗಿ ಅಗ್ಲೋ ಜನರಲ್ ಸ್ಟೋರ್ ಇದೆ ಅಂದರು. ಯಾರೋ ನಕ್ಷೆಯಲ್ಲಿ ಹೆಸರು ನೋಡಿ ಅದೇ ಹೆಸರಲ್ಲಿ ಅಂಗಡಿ ಇಟ್ಟಿದ್ದರು!

ಗುಬ್ಬಚ್ಚಿ:
ನಕ್ಷೆ ವಿಷಯ ಬಂತು, ಕೇಳೇಬಿಡ್ತೀನಿ. ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣೋದು ಯಾಕೆ?

ಉದ್ದಗೆರೆ:
ಮರ್ಕೇಟರ್ ಪ್ರಕ್ಷೇಪ, ಅಂದ್ರೆ ಗೋಳವನ್ನ ಚಪ್ಪಟೆ ಹಾಳೆಗೆ ಇಳಿಸೋ ಒಂದು ವಿಧಾನ, 1569ರದ್ದು. ಆಫ್ರಿಕಾ ನಿಜದಲ್ಲಿ ಸುಮಾರು ಹದಿನಾಲ್ಕು ಪಟ್ಟು ದೊಡ್ಡದು. ಧ್ರುವದ ಕಡೆ ಹೋದ ಹಾಗೆ ಹಿಗ್ಗುತ್ತೆ. ಆದರೂ ವೆಬ್ ನಕ್ಷೆಗಳು ಅದನ್ನೇ ಹಿಡಿದವು, ಯಾಕಂದ್ರೆ ಬೀದಿ ಮಟ್ಟಕ್ಕೆ ಇಳಿದಾಗ ಕೋನಗಳು ಸರಿಯಾಗಿರ್ತವೆ, ಅಡ್ಡರಸ್ತೆ ಅಡ್ಡವಾಗೇ ಕಾಣುತ್ತೆ, ಚೌಕಾಕಾರದ ಟೈಲಿಗೂ ಅನುಕೂಲ. ಕಂಪ್ಯೂಟರಿನ ಗೂಗಲ್ ನಕ್ಷೆಯನ್ನ ಪೂರ್ತಿ ಹಿಂದೆ ಸರಿಸಿದರೆ 2018ರಿಂದ ಗೋಳ ಕಾಣುತ್ತೆ.

ಅನಾಮಿಕ ಅಕ್ಷಾಂಶ:
ಗೋಳ ಬಂದಾಗ ಕೆಲವರಿಗೆ ಭಾರೀ ನಿರಾಸೆಯಾಗಿರಬೇಕು 😏

ನಿರ್ವಾಹಕ:
ಭೂಮಿ ಚಪ್ಪಟೆಯಾ ಅನ್ನೋ ಚರ್ಚೆ ಇಲ್ಲಿ ಬೇಡ. ವಿಷಯಕ್ಕೆ ಬನ್ನಿ.

ಟೈಲ್ ಮೇಸ್ತ್ರಿ:
ಕೋಡರ್ ಅವರೇ, ಬಿಲ್ಲಿನಲ್ಲಿ ಯಾವ ಸಾಲು ದೊಡ್ಡದಿದೆ ನೋಡಿದ್ರಾ? ನಕ್ಷೆ ತೋರಿಸಿದ್ದಕ್ಕಾ, ಹುಡುಕಾಟಕ್ಕಾ?

ಮಧ್ಯರಾತ್ರಿ ಕೋಡರ್:
ಹುಡುಕಾಟದ್ದೇ. ವಿಳಾಸ ಟೈಪ್ ಮಾಡುವಾಗ ಕೆಳಗೆ ಸಲಹೆಗಳು ಬರ್ತವಲ್ಲ, ಆ ಸಾಲೇ ಎಲ್ಲಕ್ಕಿಂತ ಉದ್ದ. ನಕ್ಷೆಯ ಖರ್ಚು ಅದರ ಮುಂದೆ ಏನೇನೂ ಅಲ್ಲ.

ಟೈಲ್ ಮೇಸ್ತ್ರಿ:
ಊಹಿಸಿದ್ದೆ. ಒಂದೊಂದು ಅಕ್ಷರ ಒತ್ತಿದಾಗಲೂ ಒಂದೊಂದು ಕೋರಿಕೆ ಹೋಗ್ತಿರುತ್ತೆ, ಮೀಟರು ತಿರುಗ್ತಿರುತ್ತೆ. ಬೆರಳು ನಿಂತ ಮೇಲೆ ಕಾಲು ಸೆಕೆಂಡು ಕಾದು ಕಳಿಸಿ, ಮೂರಕ್ಷರಕ್ಕಿಂತ ಕಮ್ಮಿ ಇದ್ದರೆ ಕಳಿಸಲೇಬೇಡಿ. ಬಿಲ್ ಅಲ್ಲಿಗೇ ಅರ್ಧ ಇಳೀಬಹುದು. ವಿಳಾಸ ಹುಡುಕೋಕೆ ಓಎಸ್‌ಎಂನ ನಾಮಿನಾಟಿಮ್ ಇದೆ ಅಂತ ಅದಕ್ಕೆ ಹೋಗಬೇಡಿ. ಅದರ ಸಾರ್ವಜನಿಕ ಸರ್ವರಿಗೆ ಸೆಕೆಂಡಿಗೆ ಒಂದು ಕೋರಿಕೆಯ ಮಿತಿ, ಟೈಪ್ ಮಾಡ್ತಾ ಮಾಡ್ತಾ ಸಲಹೆ ಕೇಳೋದಂತೂ ನಿಷಿದ್ಧ. ಆ ಕೆಲಸಕ್ಕೆಂದೇ ಫೋಟಾನ್ ಅಂತ ಮುಕ್ತ ತಂತ್ರಾಂಶ ಇದೆ, ಸ್ವಂತ ಸರ್ವರಿನಲ್ಲಿ ಕೂರಿಸಿ.

ನಕ್ಷೆ ತೋರಿಸೋ ಲೈಬ್ರರಿ (ಸಿದ್ಧ ಕೋಡು) ಯಾವುದು ಬಳಸ್ತೀರೋ ಅದರ ಪರವಾನಗಿಯನ್ನೂ ಓದಿ. ಮ್ಯಾಪ್‌ಬಾಕ್ಸ್ ಜಿಎಲ್ ಜೆಎಸ್ ಮೊದಲು ಮುಕ್ತವಾಗಿತ್ತು. 2020ರ ಡಿಸೆಂಬರಲ್ಲಿ ಎರಡನೇ ಆವೃತ್ತಿಯಿಂದ ಬಾಗಿಲು ಹಾಕಿದರು. ಹಳೇ ಮುಕ್ತ ಆವೃತ್ತಿಯನ್ನ ಹಿಡಿದು ಸಮುದಾಯದವರು ಮ್ಯಾಪ್‌ಲಿಬ್ರೆ ಶುರು ಮಾಡಿದರು. ಈಗ ಕಂಪನಿಗಳೇ ಅದಕ್ಕೆ ದುಡ್ಡು ಕೊಡ್ತಿವೆ. ಪೈಪೋಟಿ ಎಲ್ಲಿದೆ ಅಂದ್ರೆ ಇಲ್ಲಿದೆ ನೋಡಿ. ಬಿಟ್ಟುಹೋಗೋ ದಾರಿ ಇದ್ದರೆ ಮಾತ್ರ ಕಂಪನಿಗಳು ಮರ್ಯಾದೆಯಲ್ಲಿ ಇರ್ತವೆ.

ವಕೀಲಬುದ್ಧಿ:
ಬಿಟ್ಟುಹೋಗೋದು ನಿಮ್ಮಂಥವರಿಗೆ ಸರಿ ಮೇಸ್ತ್ರಿಗಳೇ. ಮಾಮೂಲಿ ಬಳಕೆದಾರನ ವಿಮರ್ಶೆಗಳು, ಉಳಿಸಿಟ್ಟ ಜಾಗಗಳು, ಹಳೇ ಓಡಾಟದ ದಾಖಲೆ ಎಲ್ಲ ಒಂದೇ ಕಡೆ ಗೂಟಕ್ಕೆ ಬಿದ್ದಿರ್ತವೆ.

ಸುಮ್ನೆ ಓದುಗ:
ಉಳಿಸಿಟ್ಟ ಜಾಗಗಳನ್ನ ಕಡತವಾಗಿ ಇಳಿಸಿಕೊಂಡು ಬೇರೆ ಆ್ಯಪಿಗೆ ಹಾಕಬಹುದು. ನಾನು ಆರ್ಗ್ಯಾನಿಕ್ ಮ್ಯಾಪ್ಸ್‌ಗೆ ಹಾಕಿದ್ದೀನಿ. ಇಂಟರ್ನೆಟ್ ಇಲ್ಲದೆಯೂ ನಡೆಯುತ್ತೆ, ಫೋನಿನ ಬ್ಯಾಟರಿಯನ್ನೂ ಹೀರಲ್ಲ. ಟ್ರಾಫಿಕ್ ಮಾತ್ರ ಗೊತ್ತಾಗಲ್ಲ.

ವಕೀಲಬುದ್ಧಿ:
ಅದೇ ತಾನೆ ಬೇಕಾಗಿರೋದು.

ಮಧ್ಯರಾತ್ರಿ ಕೋಡರ್:
ಮೇಸ್ತ್ರಿಗಳೇ, ಟೈಪಿಂಗ್ ತಡೆ ನಿನ್ನೆ ಹಾಕಿದೆ, ಕೋರಿಕೆಗಳು ಈಗಾಗಲೇ ಗಣನೀಯವಾಗಿ ಇಳಿದಿವೆ. ಮ್ಯಾಪ್‌ಲಿಬ್ರೆ ಜೊತೆ ಪಿಎಂಟೈಲ್ಸ್ ಪರೀಕ್ಷೆ ಮಾಡ್ತಿದ್ದೀನಿ, ಅಕ್ಷರಗಳ ಫಾಂಟು ಒಂದೇ ಸರಿಯಾಗಿ ಕೂರ್ತಿಲ್ಲ. ಒತ್ತಕ್ಷರ ಪಕ್ಕಕ್ಕೆ ಜಾರಿ ಕೂರುತ್ತೆ.

ಗೆರೆಗಾರ್ತಿ ಮೇಡಂ, ನಮ್ಮ ಬಳಕೆದಾರರು ಹಾಕಿರೋ ರ್ಯಾಂಪ್ ಗುರುತುಗಳನ್ನ ಓಎಸ್‌ಎಂಗೇ ಸೇರಿಸಿಬಿಟ್ಟರೆ ಹೇಗೆ? ಎರಡು ಕಡೆ ಯಾಕೆ ಇಟ್ಟುಕೊಳ್ಳಬೇಕು?

ಟೈಲ್ ಮೇಸ್ತ್ರಿ:
ಫಾಂಟ್ ತೊಂದರೆ ನಿಮ್ಮೊಬ್ಬರದ್ದಲ್ಲ. ಆ ಲೈಬ್ರರಿ ಒಂದೊಂದು ಅಕ್ಷರವನ್ನ ಬಿಡಿ ಚಿತ್ರವಾಗಿ ತಂದು ಸಾಲಾಗಿ ಜೋಡಿಸುತ್ತೆ. ಒತ್ತು, ಗುಣಿತ ಇರೋ ಲಿಪಿಗೆ ಆ ಪದ್ಧತಿ ಒಗ್ಗಲ್ಲ. ಸದ್ಯಕ್ಕೆ ಹೆಸರುಗಳನ್ನ ಬ್ರೌಸರಿನ ಸ್ವಂತ ಪಠ್ಯವಾಗಿ ನಕ್ಷೆಯ ಮೇಲೆ ಕೂರಿಸಿ. ನೂರಾರು ಹೆಸರು ಒಟ್ಟಿಗೆ ಬಂದರೆ ನಿಧಾನವಾಗುತ್ತೆ, ಬೇರೆ ದಾರಿ ಕಾಣ್ತಿಲ್ಲ.

ಗೆರೆಗಾರ್ತಿ:
ಸೇರಿಸಬಹುದು, ಒಂದೇ ಸಲ ಸುರಿಯೋಕೆ ಹೋಗಬೇಡಿ. ಸಮುದಾಯದಲ್ಲಿ ಮೊದಲು ಚರ್ಚಿಸಬೇಕು, ಈಗಾಗಲೇ ಅಲ್ಲಿರೋ ಬಿಂದುಗಳ ಜೊತೆ ತಾಳೆ ನೋಡಬೇಕು. ಅದಕ್ಕಿಂತ ಮುಖ್ಯ, ಗುರುತು ಹಾಕುವಾಗ ಅವರು ಗೂಗಲ್ ನಕ್ಷೆ ನೋಡ್ಕೊಂಡು ಹಾಕಿದ್ರಾ, ಸ್ಥಳದಲ್ಲಿ ನೋಡಿ ಹಾಕಿದ್ರಾ? ಬೇರೆಯವರ ನಕ್ಷೆಯಿಂದ ನಕಲು ಮಾಡಿದ್ದು ಇಲ್ಲಿ ನಡೆಯಲ್ಲ. ಮಾಹಿತಿಯನ್ನ ಹೀಗೆ ಹಂಚಿಕೊಳ್ತೀವಿ ಅಂತ ಸದಸ್ಯರಾಗುವಾಗ ಒಪ್ಪಿಗೆ ತಗೊಂಡಿದ್ದೀರಾ?

ಮಧ್ಯರಾತ್ರಿ ಕೋಡರ್:
ಇಲ್ಲ. ಹಳೇ ಸದಸ್ಯರಲ್ಲಿ ಕೆಲವರ ಮಿಂಚಂಚೆಯೂ ಈಗ ಕೆಲಸ ಮಾಡಲ್ಲ. ಅವರದ್ದೇನು ಮಾಡೋದು?

ಗೆರೆಗಾರ್ತಿ:
ಓಎಸ್‌ಎಂಗೇ ಈ ಪರಿಸ್ಥಿತಿ ಬಂದಿತ್ತು. 2012ರಲ್ಲಿ ಕ್ರಿಯೇಟಿವ್ ಕಾಮನ್ಸ್‌ನಿಂದ ಒಡಿಬಿಎಲ್ ಪರವಾನಗಿಗೆ ಬದಲಾದಾಗ ಗೆರೆ ಎಳೆದ ಒಬ್ಬೊಬ್ಬರನ್ನೂ ಕೇಳಿದರು. ಒಪ್ಪದವರ, ಉತ್ತರ ಕೊಡದವರ ಕೆಲಸವನ್ನ ತೆಗೆದುಹಾಕಿದರು. ಕೆಲವು ಕಡೆ ರಸ್ತೆಗಳೇ ಮಾಯವಾದವು, ಮತ್ತೆ ಹೋಗಿ ನೋಡಿ ಎಳೆದರು. ನೀವೂ ಇವತ್ತೇ ಸೈಟಿನಲ್ಲಿ ಒಪ್ಪಿಗೆಯ ಪೆಟ್ಟಿಗೆ ಹಾಕಿ, ಇರೋರಿಗೆಲ್ಲ ಮಿಂಚಂಚೆ ಕಳಿಸಿ. ಉತ್ತರ ಬರದವರ ಗುರುತುಗಳನ್ನ ನಿಮ್ಮ ಸೈಟಿನಲ್ಲೇ ಇಟ್ಟುಕೊಳ್ಳಿ, ಹೊಸಬರು ಯಾರಾದರೂ ಆ ಕಟ್ಟಡಕ್ಕೆ ಹೋದಾಗ ಇನ್ನೊಮ್ಮೆ ನೋಡಿ ಹಾಕಲಿ.